ಸಿಂಹ ಹೋದ ಮೇಲೂ ಸಿಂಹದ ಬಂದರು

ಗ್ರೀಸಿನ ಬಂದರು ಪಿರೇಯಸ್‌ನಲ್ಲಿ ನಮಗಿದ್ದದ್ದು ಅರ್ಧ ಗಂಟೆಯ ಕೆಲಸ. ಅಥೆನ್ಸಿನಿಂದ ಮೆಟ್ರೋದಲ್ಲಿ ಬಂದು ನಾಕ್ಸೋಸ್ ದ್ವೀಪದ ಹಡಗು ಹತ್ತುವುದು, ಅಷ್ಟೆ. ಆದರೆ ಆ ಆಗಸ್ಟ್ ಬೆಳಿಗ್ಗೆ ‘ಮೆಲ್ತೆಮಿ’ ಎಂಬ ಬಡಗಣ ಗಾಳಿ ಹುಚ್ಚೆದ್ದು ಬೀಸುತ್ತಿತ್ತು. ಹಡಗುಗಳೆಲ್ಲ ಧಕ್ಕೆಗೆ ಕಟ್ಟಿಕೊಂಡು ನಿಂತಿದ್ದವು. ಟಿಕೆಟ್ ಕಿಟಕಿಯ ಹೆಂಗಸು ತಲೆಯೆತ್ತದೆಯೇ ‘ನಾಳೆ’ ಎಂದಳು. ಕರಾವಳಿಯಲ್ಲಿ ಹುಟ್ಟಿದವನಿಗೆ ಗಾಳಿಯ ಜೊತೆ ವಾದ ಮಾಡಬಾರದೆಂದು ಗೊತ್ತು. ಪೆಟ್ಟಿಗೆಗಳನ್ನು ಒಂದು ವಸತಿಗೃಹಕ್ಕೆ ಹಾಕಿ ನಾನೂ ನನ್ನ ಹೆಂಡತಿಯೂ ನಡೆಯಲು ಹೊರಟೆವು.

ಝೇಯಾ ಎಂಬ ಹಳೆಯ ಯುದ್ಧಬಂದರನ್ನು ನೋಡಬೇಕೆಂದಿದ್ದೆ. ಮೂವರನ್ನು ಕೇಳಿದೆ, ಮೂವರೂ ಭುಜ ಕುಣಿಸಿದರು. ನಾಲ್ಕನೆಯವನು, ಹಣ್ಣಿನಂಗಡಿಯವನು, ನಕ್ಷೆ ನೋಡಿ ‘ಓ, ಪಶಾಲಿಮಾನಿ!’ ಎಂದ. ಪಾಶಾನ, ಅಂದರೆ ತುರ್ಕಿ ಅಧಿಕಾರಿಯ, ಬಂದರು. ತುರ್ಕರು ಹೋಗಿ ಎಷ್ಟು ಕಾಲವಾದರೂ ಊರಿನ ನಾಲಿಗೆಯಲ್ಲಿ ಪಾಶಾ ಇನ್ನೂ ಕುಳಿತಿದ್ದಾನೆ.

ಅಲ್ಲಿ ಒಂದು ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ಕಲ್ಲಿನ ಕಂಬಗಳ ಬುಡಗಳೂ ಇಳಿಜಾರು ನೆಲವೂ ಉಳಿದಿವೆ. ಮೇಲೆ ಸಂಸಾರಗಳು, ಕೆಳಗೆ ಕ್ರಿಸ್ತಪೂರ್ವದ ಹಡಗುಮನೆ. ಅಥೆನ್ಸಿನವರು ಮೊದಲು ಫಲೇರಾನ್‌ನ ಬಯಲು ಮರಳಿನಲ್ಲಿ ಹಡಗು ನಿಲ್ಲಿಸುತ್ತಿದ್ದರು. ಕ್ರಿ.ಪೂ. 493ರ ಹೊತ್ತಿಗೆ ಅವರ ನಾಯಕ ಥೆಮಿಸ್ಟೋಕ್ಲೀಸ್ ಪಿರೇಯಸ್ಸಿನ ಮೂರು ಕೊಲ್ಲಿಗಳನ್ನು ತೋರಿಸಿ ಕೋಟೆ ಕಟ್ಟಿಸಲು ಶುರುಮಾಡಿದ. ಯುದ್ಧಹಡಗೊಂದಕ್ಕೆ 170 ಮಂದಿ ಹುಟ್ಟು ಹಾಕಬೇಕಿತ್ತು. ಮರ ನೀರು ಕುಡಿದರೆ ಹಡಗು ಭಾರವಾಗುತ್ತದೆ, ಹುಳು ಕೊರೆಯುತ್ತದೆ. ಹಾಗಾಗಿ ಕೆಲಸವಿಲ್ಲದಾಗ ಮೇಲೆಳೆದು ಮಾಡಿನಡಿ ಒಣಗಿಸುತ್ತಿದ್ದರು. ಕ್ರಿ.ಪೂ. 4ನೇ ಶತಮಾನದಲ್ಲಿ ಈ ಒಂದು ಕೊಲ್ಲಿಯಲ್ಲೇ 196 ಹಡಗುಮನೆಗಳಿದ್ದವು. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸುತ್ತಿದ್ದ ನಮ್ಮೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ಕ್ರಿ.ಪೂ. 86ರಲ್ಲಿ ರೋಮಿನ ದಂಡನಾಯಕ ಸುಲ್ಲಾ ಬಂದರಿಗೆ ಬೆಂಕಿಯಿಟ್ಟ. ಆಮೇಲೆ ಊರು ಸೊರಗುತ್ತ ಹೋಯಿತು, ಕೊನೆಗೆ ಹೆಸರೂ ಹೋಯಿತು.

ಸಂಜೆ ದೊಡ್ಡ ಬಂದರಿನ ಬಾಯಿಯ ಹತ್ತಿರ ಕುಳಿತ ಭಂಗಿಯ ಸಿಂಹವೊಂದು ಕಂಡಿತು. ಹೆಂಡತಿ ನಿಂತುಬಿಟ್ಟಳು. ‘ರೀ, ಇದನ್ನು ನಾವು ನೋಡಿದ್ದೇವೆ.’ ಎಲ್ಲಾ ಸಿಂಹಗಳೂ ಹೀಗೇ ಇರುತ್ತವೆ ಎಂದೆ. ಅವಳು ಮೊಬೈಲ್ ತೆಗೆದು ಹಳೆಯ ಚಿತ್ರಗಳನ್ನು ತಡಕಾಡಿದಳು. ವೆನಿಸಿನ ನೌಕಾಕೋಠಿಯ ಬಾಗಿಲು, ಅದರ ಪಕ್ಕ ಬಿಳಿಯ ಅಮೃತಶಿಲೆಯ ಸಿಂಹ, ಅದರ ಬುಡದಲ್ಲಿ ಬಿಸಿಲಿಗೆ ಮುಖ ಕಿವುಚಿಕೊಂಡ ನಾನು. ಅದೇ ಕೂರುವಿಕೆ, ಅದೇ ಎದೆ. ಅವಳೇ ಸರಿ. ಇಲ್ಲಿರುವುದು ನಕಲು, ಮೂಲ ಅಲ್ಲಿದೆ.

ಸುಮಾರು ಮೂರು ಮೀಟರ್ ಎತ್ತರದ ಆ ಸಿಂಹ ಶತಮಾನಗಳ ಕಾಲ ಈ ದಡದಲ್ಲಿ ಕುಳಿತಿತ್ತು. ಹಡಗಿನವರಿಗೆ ಪಿರೇಯಸ್ ಎಂಬ ಹೆಸರು ಮರೆತು ‘ಪೋರ್ಟೊ ಲಿಯೋನೆ’ ಆಯಿತು, ತುರ್ಕರಿಗೆ ‘ಅಸ್ಲಾನ್ ಲಿಮಾನ್’. ಎರಡಕ್ಕೂ ಅರ್ಥ ಸಿಂಹದ ಬಂದರು. 1687ರಲ್ಲಿ ವೆನಿಸಿನ ದಂಡನಾಯಕ ಮೊರೊಸಿನಿ ಬಂದ. ಅವನ ಫಿರಂಗಿಯಿಂದಲೇ ಅಥೆನ್ಸಿನ ಪಾರ್ಥೆನಾನ್ ದೇಗುಲ ಸಿಡಿದದ್ದು. ಹಿಂತಿರುಗುವಾಗ ಸಿಂಹವನ್ನು ಹೊತ್ತೊಯ್ದ. ಸಿಂಹ ಹೋದರೂ ಹೆಸರು ಹೋಗಲಿಲ್ಲ. ಸ್ವತಂತ್ರ ಗ್ರೀಸ್ 1835ರಲ್ಲಿ ಇಲ್ಲಿ ನಗರಸಭೆ ಕಟ್ಟಿದಾಗಲೇ ಹಳೆಯ ಹೆಸರು ಅಧಿಕೃತವಾಗಿ ಮರಳಿದ್ದು. ಆ ಹಳೆಯ ಹೆಸರಿಗೂ ಒಂದು ಕಥೆಯಿದೆ. ಇದು ಹಿಂದೆ ದ್ವೀಪವಾಗಿತ್ತು, ‘ಆಚೆ’ ಇದ್ದದ್ದರಿಂದ ಈ ಹೆಸರು ಎಂದು ಪ್ರಾಚೀನ ಭೂಗೋಳಕಾರ ಸ್ಟ್ರಾಬೊ ಬರೆದ. ನೆಲ ಕೊರೆದು ಪರೀಕ್ಷಿಸಿದ ಭೂವಿಜ್ಞಾನಿಗಳು ದ್ವೀಪದ ಮಾತು ನಿಜವೆಂದಿದ್ದಾರೆ.

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆವು. ಸಿಂಹದ ಭುಜದ ಮೇಲೆ ಹಾವಿನಂತೆ ಸುತ್ತಿಕೊಂಡ ಗೀರುಗಳು. ‘ಯಾರೋ ಪ್ರೇಮಿಗಳ ಕೆಲಸ’ ಎಂದು ಅಂದು ವೆನಿಸಿನಲ್ಲಿ ನಾನು ನಕ್ಕಿದ್ದೆನಂತೆ. ಅವು 11ನೇ ಶತಮಾನದಲ್ಲಿ ಸ್ಕ್ಯಾಂಡಿನೇವಿಯಾದವರು ಕೊರೆದ ರೂನ್ ಎಂಬ ಅವರ ಹಳೆಯ ಲಿಪಿಯ ಅಕ್ಷರಗಳು. ಎಲ್ಲಿಯ ಬಡಗಣ ದೇಶ, ಎಲ್ಲಿಯ ಈ ಬಂದರು! ನಕ್ಕದ್ದಕ್ಕೆ ಈಗ ನಾಚಿಕೆಯಾಯಿತು.

‘ವೆನಿಸಿನವರು ಅದನ್ನು ಏನೆಂದು ಕರೆಯುತ್ತಾರೆ?’ ಎಂದು ಅವಳು ಕೇಳಿದಳು.

ಹುಡುಕಿ ನೋಡಿದೆ. ಪಿರೇಯಸ್ಸಿನ ಸಿಂಹ.