ವಾರಸುದಾರರಿಲ್ಲದ ಫಂಕ್ಷನ್

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲಿಸ್ಟ್, ಡಿಕ್ಟ್, ಇಂಟ್ ಎಲ್ಲವನ್ನೂ ಸಬ್‌ಕ್ಲಾಸ್ ಮಾಡಬಹುದು, ಅಂದರೆ ಅವುಗಳಿಂದ ಹೊಸ ಕ್ಲಾಸ್ ಹುಟ್ಟಿಸಬಹುದು. ಟೈಪ್ಸ್ ಮಾಡ್ಯೂಲಿನ ಫಂಕ್ಷನ್‌ಟೈಪ್ ಮೇಲೆ ಅದೇ ಕೆಲಸಕ್ಕೆ ಕೈಹಾಕಿದರೆ ಮಾತ್ರ, ಕ್ಲಾಸ್ ಹುಟ್ಟುವ ಮೊದಲೇ ಟೈಪ್‌ಎರರ್: 'ಫಂಕ್ಷನ್' ಬೇಸ್ ಆಗಲು ತಕ್ಕ ಟೈಪ್ ಅಲ್ಲ. ಬೂಲ್, ರೇಂಜ್, ಸ್ಲೈಸ್‌ಗಳದ್ದೂ ಇದೇ ಹಣೆಬರಹ.

ಸಿಪೈಥಾನಿನ (ಸಾಮಾನ್ಯವಾಗಿ ಬಳಸುವ, ಸಿ ಭಾಷೆಯಲ್ಲಿ ಬರೆದ ಪೈಥಾನ್) ಒಳಗೆ ಪ್ರತಿ ಟೈಪಿಗೂ ಒಂದಷ್ಟು ಫ್ಲ್ಯಾಗ್‌ಗಳಿವೆ. ಬೇಸ್‌ಟೈಪ್ ಎಂಬ ಫ್ಲ್ಯಾಗ್ ಇಲ್ಲದಿದ್ದರೆ ಆ ಟೈಪಿನ ವಂಶ ಅಲ್ಲಿಗೇ ನಿಂತಿತು. ಇದರಿಂದ ಲಾಭವೂ ಇದೆ. ಎದುರಿಗಿರುವುದು ಫಂಕ್ಷನ್ ಹೌದೇ ಎಂದು ತಿಳಿಯಲು ಇಂಟರ್‌ಪ್ರಿಟರ್ ಟೈಪ್ ಪಾಯಿಂಟರನ್ನು ತಾಳೆ ನೋಡಿದರೆ ಸಾಕು, ವಂಶಾವಳಿ ಕೆದಕಬೇಕಿಲ್ಲ. ಮೂಲ ಟೈಪಿಗೇ ಹೊಸ ಆಟ್ರಿಬ್ಯೂಟ್ ಅಂಟಿಸೋಣವೆಂದರೆ ಅದಕ್ಕೂ ಟೈಪ್‌ಎರರ್, ಏಕೆಂದರೆ ಆ ಟೈಪ್ ಇಮ್ಯೂಟಬಲ್, ಬದಲಿಸಲಾಗದ್ದು.

ಒಂದೊಂದು ಫಂಕ್ಷನ್ನಿಗೆ ಬೇರೆಬೇರೆಯಾಗಿ ಆಟ್ರಿಬ್ಯೂಟ್ ಹಚ್ಚಲು ಅಡ್ಡಿಯಿಲ್ಲ. ಡೆಫ್‌ನಿಂದ ಬರೆದ ಫಂಕ್ಷನ್ನಿಗೆ ತನ್ನದೇ ಡಿಕ್ಟ್ ಇದೆ, ಪೈಥಾನ್ 2.1ರಿಂದ ಈ ಸೌಲಭ್ಯವಿದೆ. ಸಿ ಭಾಷೆಯಲ್ಲಿ ಬರೆದ ಲೆನ್‌ನಂಥವಕ್ಕೆ ಇಲ್ಲ, ಅಲ್ಲಿ ಆಟ್ರಿಬ್ಯೂಟ್‌ಎರರ್ ಬರುತ್ತದೆ. ಒಂದು ಎಣಿಕೆ, ಒಂದು ಗುರುತು ಇಷ್ಟೇ ಬೇಕಿದ್ದರೆ ಇದೇ ಸಾಕು, ಕ್ಲಾಸ್ ಕಟ್ಟುವ ಗೋಜೇ ಬೇಡ. ಆದರೆ ಫಂಕ್ಷನ್ನಿನ ಡಂಡರ್ ಕಾಲ್ ಅನ್ನು (ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವ ಹೆಸರುಗಳಿಗೆ ಡಂಡರ್ ಎನ್ನುತ್ತಾರೆ) ಹೀಗೆ ಬದಲಿಸಿದರೆ ಫಲವಿಲ್ಲ. ಆವರಣ ಹಾಕಿ ಕರೆದಾಗ ಪೈಥಾನ್ ಡಂಡರ್ ಕಾಲ್ ಅನ್ನು ಹುಡುಕುವುದು ಟೈಪಿನಲ್ಲಿ, ಆ ವಸ್ತುವಿನಲ್ಲಲ್ಲ. ಎರರ್ ಕೂಡ ಬರದೆ ಹಳೆಯ ಕೋಡೇ ಓಡುತ್ತಿರುತ್ತದೆ.

ವರ್ತನೆಯನ್ನೇ ಬದಲಿಸಬೇಕಿದ್ದರೆ ಉಳಿದ ದಾರಿ, ಫಂಕ್ಷನ್ನಿನಂತೆ ನಟಿಸುವ ಕ್ಲಾಸ್. ಫಂಕ್ಷನ್ನಿಗೆ ಹೊದಿಸಿ, ಅದನ್ನು ಎಷ್ಟು ಸಲ ಕರೆದರು ಎಂದು ಎಣಿಸುವ 'ಎಣಿಕೆ' ಎಂಬ ಹೆಸರಿನ ಡೆಕೊರೇಟರ್ ಕ್ಲಾಸ್ ಅಂದುಕೊಳ್ಳಿ. (ಪೈಥಾನ್ 3ರಲ್ಲಿ ಈ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಒತ್ತಕ್ಷರ ತಪ್ಪಿಸಲು ಕೀಲಿಮಣೆ ತುರುಕುವ ಕಾಣದ ಅಕ್ಷರ ಒಳಗೆ ಸೇರಿತೋ, ಸಿಂಟ್ಯಾಕ್ಸ್‌ಎರರ್.) ಡಂಡರ್ ಇನಿಟ್‌ನಲ್ಲಿ ಮೂಲ ಫಂಕ್ಷನ್ನನ್ನು 'ಮೂಲ' ಎಂಬ ಆಟ್ರಿಬ್ಯೂಟಿನಲ್ಲಿಟ್ಟು, ಡಂಡರ್ ಕಾಲ್‌ನಲ್ಲಿ ಲೆಕ್ಕ ಒಂದು ಏರಿಸಿ ಅದನ್ನು ಕರೆದರೆ ಆಯಿತು. ಬಿಡಿ ಫಂಕ್ಷನ್ನಿಗೆ ಇದು ಸರಾಗ. ಮೆಥಡ್ ಮೇಲೆ ಹಾಕಿ ನೋಡಿ, 'ಸೆಲ್ಫ್' ಆರ್ಗ್ಯುಮೆಂಟ್ (ಮೆಥಡ್ ಯಾವ ವಸ್ತುವಿನದೋ ಆ ವಸ್ತು) ಸಿಗಲಿಲ್ಲ ಎಂದು ಮುಗ್ಗರಿಸುತ್ತದೆ.

ಬಹಳ ಜನ ಎಡವುವುದು ಇಲ್ಲೇ. ಚುಕ್ಕಿ ಹಾಕಿ ಮೆಥಡ್ ಹೆಸರು ಬರೆದಾಗ ಸೆಲ್ಫ್ ಅನ್ನು ಸೇರಿಸಿಕೊಡುವುದು ಕ್ಲಾಸ್ ಅಲ್ಲ, ಫಂಕ್ಷನ್ನೇ. ಅದರ ಟೈಪಿನಲ್ಲಿ ಡಂಡರ್ ಗೆಟ್ ಇದೆ, ಅಂದರೆ ಅದು ಡಿಸ್ಕ್ರಿಪ್ಟರ್, ಚುಕ್ಕಿ ಹಾಕಿ ತನ್ನನ್ನು ಪಡೆದಾಗ ಏನು ಸಿಗಬೇಕೆಂದು ತಾನೇ ನಿರ್ಧರಿಸುವ ವಸ್ತು. ನಮ್ಮ ನಟನಿಗೆ ಆ ಪಾಠ ಬಾರದು, ನಾವೇ ಕಲಿಸಬೇಕು. ಡಂಡರ್ ಗೆಟ್ ಬರೆಯಿರಿ: ಆಬ್ಜೆಕ್ಟ್ ಜಾಗದಲ್ಲಿ ನನ್ ('ಏನೂ ಇಲ್ಲ' ಎಂಬ ಮೌಲ್ಯ) ಬಂದರೆ ಸೆಲ್ಫ್ ಅನ್ನೇ (ಇಲ್ಲಿ ಅದು ನಮ್ಮ ನಟ) ಹಿಂತಿರುಗಿಸಿ, ಇಲ್ಲವಾದರೆ ಟೈಪ್ಸ್‌ನ ಮೆಥಡ್‌ಟೈಪಿಗೆ ಸೆಲ್ಫ್ ಮತ್ತು ಆಬ್ಜೆಕ್ಟ್ ಎರಡನ್ನೂ ಕೊಟ್ಟು ಬಂದದ್ದನ್ನು ಹಿಂತಿರುಗಿಸಿ. ಮೂರೇ ಸಾಲು. ನನ್ ಪರೀಕ್ಷೆ ಬಿಟ್ಟರೆ ಕ್ಲಾಸಿನ ಹೆಸರಿನಿಂದಲೇ ಮೆಥಡ್ ಹಿಡಿಯುವ ಕಡೆ ಮೆಥಡ್‌ಟೈಪ್ ಎರರ್ ಕೊಡುತ್ತದೆ.

ಇನ್ನು ಹೆಸರು, ಡಾಕ್‌ಸ್ಟ್ರಿಂಗ್. ಫಂಕ್‌ಟೂಲ್ಸ್‌ನ ಅಪ್‌ಡೇಟ್ ರ‍್ಯಾಪರ್ ಇವನ್ನೆಲ್ಲ ನಕಲು ಮಾಡಿ, ಡಂಡರ್ ರ‍್ಯಾಪ್ಡ್ ಎಂಬ ಕೊಂಡಿಯನ್ನೂ ಇಡುತ್ತದೆ. ಇನ್‌ಸ್ಪೆಕ್ಟ್‌ನ ಸಿಗ್ನೇಚರ್ ಆ ಕೊಂಡಿ ಹಿಡಿದು ನಿಜವಾದ ಪ್ಯಾರಾಮೀಟರ್‌ಗಳನ್ನು ತೋರಿಸುತ್ತದೆ. ಆದರೆ ಅದು ಮೂಲದ ಡಿಕ್ಟ್ ಅನ್ನೂ ನಮ್ಮ ಡಿಕ್ಟ್ ಮೇಲೆ ಸುರಿಯುತ್ತದೆ ಎಂಬುದು ಗಮನಕ್ಕೆ ಬರುವುದು ಕಡಿಮೆ. ಒಂದೇ ಫಂಕ್ಷನ್ ಮೇಲೆ 'ಎಣಿಕೆ'ಯನ್ನು ಎರಡು ಸಲ ಹಾಕಿದಿರಿ ಎನ್ನಿ. ಹೊರಗಿನದು 'ಮೂಲ'ದಲ್ಲಿ ಒಳಗಿನ ಎಣಿಕೆಯನ್ನು ಇಟ್ಟುಕೊಂಡಿತ್ತು. ಆಮೇಲೆ ಅಪ್‌ಡೇಟ್ ರ‍್ಯಾಪರ್ ನಡೆದರೆ ಒಳಗಿನದರ 'ಮೂಲ' ಅದರ ಮೇಲೆ ಬಿದ್ದು, ಒಳಗಿನ ಪದರವನ್ನು ಯಾರೂ ಕರೆಯುವುದೇ ಇಲ್ಲ. ಎರರ್ ಇಲ್ಲ, ಲೆಕ್ಕ ಮಾತ್ರ ತಪ್ಪು. ಆದ್ದರಿಂದ ಡಂಡರ್ ಇನಿಟ್‌ನ ಮೊದಲ ಸಾಲು ಅಪ್‌ಡೇಟ್ ರ‍್ಯಾಪರ್ ಆಗಿರಲಿ, ನಮ್ಮ ಆಟ್ರಿಬ್ಯೂಟ್‌ಗಳು ಅದರ ನಂತರ.

ಮಲ್ಟಿಪ್ರೊಸೆಸಿಂಗ್ ಪೂಲಿಗೆ (ಕೆಲಸವನ್ನು ಹಲವು ಪ್ರೊಸೆಸ್‌ಗಳಿಗೆ ಹಂಚುವ ಸೌಲಭ್ಯ) ಈ ವಸ್ತುವನ್ನು ಕೊಟ್ಟಾಗ ಮುಂದಿನ ಪೆಟ್ಟು. ಪ್ರೊಸೆಸ್‌ಗಳ ನಡುವೆ ಸಾಗಿಸಲು ವಸ್ತುವನ್ನು ಬೈಟ್‌ಗಳಾಗಿಸುವುದು ಪಿಕಲ್, ಅದು ಫಂಕ್ಷನ್ನನ್ನು ಉಳಿಸುವುದು ಹೆಸರಿನಿಂದ. ಒಳಗಿನ ಮೂಲ ಫಂಕ್ಷನ್ನಿನ ಹೆಸರು ಹಿಡಿದು ಹುಡುಕಿದರೆ ಸಿಗುವುದು ಡೆಕೊರೇಟ್ ಆದ ವಸ್ತು. ಎರಡೂ ಒಂದೇ ಅಲ್ಲ ಎಂದು ಪಿಕಲ್ ಕೈಚೆಲ್ಲುತ್ತದೆ. ಡಂಡರ್ ರೆಡ್ಯೂಸ್ ಬರೆದು, ಅದರಿಂದ ಡಂಡರ್ ಕ್ವಾಲ್‌ನೇಮ್ (ಮಾಡ್ಯೂಲಿನೊಳಗಿನ ಪೂರ್ತಿ ಹೆಸರು) ಸ್ಟ್ರಿಂಗನ್ನಷ್ಟೇ ಹಿಂತಿರುಗಿಸಿ. ಆಗ ಇಡೀ ವಸ್ತುವೇ ಹೆಸರಿನಿಂದ ಉಳಿಯುತ್ತದೆ. ಲೆಕ್ಕ ಮಾತ್ರ ಪ್ರೊಸೆಸ್‌ಗಳ ನಡುವೆ ಹಂಚಿಕೆಯಾಗುವುದಿಲ್ಲ.

ಇನ್‌ಸ್ಪೆಕ್ಟ್‌ನ ಈಸ್‌ಫಂಕ್ಷನ್ ನಮ್ಮ ಈ ನಟನಿಗೆ ಫಾಲ್ಸ್ ಎನ್ನುತ್ತದೆ. ನಿಮ್ಮದೇ ಕೋಡಿನಲ್ಲಾದರೆ, ಕರೆಯಬಹುದೇ ಎಂದಷ್ಟೇ ನೋಡುವ ಕಾಲಬಲ್ ಬಳಸಿ. ಅಸಿಂಕ್ ಫಂಕ್ಷನ್ನನ್ನು (ಕರೆದ ಮೇಲೆ ಅವೇಟ್ ಮಾಡಿ ಫಲಕ್ಕೆ ಕಾಯಬೇಕಾದದ್ದು) ಸುತ್ತಿದಾಗ ತೊಂದರೆ ಇನ್ನಷ್ಟು: ಈಸ್‌ಕೊರೂಟೀನ್‌ಫಂಕ್ಷನ್ ಕೂಡ ಫಾಲ್ಸ್ ಎನ್ನುವುದರಿಂದ, ಅದನ್ನು ನಂಬಿದ ಫ್ರೇಮ್‌ವರ್ಕ್ ಅವೇಟ್ ಮಾಡದೆ ಬಿಡಬಹುದು. ಪೈಥಾನ್ 3.12ರಲ್ಲಿ ಬಂದ ಮಾರ್ಕ್‌ಕೊರೂಟೀನ್‌ಫಂಕ್ಷನ್‌ಗೆ ಡಂಡರ್ ಇನಿಟ್‌ನ ಕೊನೆಯಲ್ಲಿ ಸೆಲ್ಫ್ ಅನ್ನು ಕೊಟ್ಟರೆ ಆ ಪರೀಕ್ಷೆ ಟ್ರೂ ಎನ್ನುತ್ತದೆ; ಮೂಲ ಅಸಿಂಕ್ ಆಗಿದ್ದಾಗ ಮಾತ್ರ ಕೊಡಿ.