ಅಪ್ಪನ ಕಿಡ್ನಿ ಚೆನ್ನಾಗಿದ್ದದ್ದೇ ತಪ್ಪಾಯ್ತಾ?

ತಮ್ಮನಿಗೆ ಅಪ್ಪನ ಕಿಡ್ನಿ ಹಾಕಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಕೋಲಾರದ ಟೊಮ್ಯಾಟೊ ಮಂಡಿಗೆ ಮತ್ತೆ ಹೋಗಲು ಶುರು ಮಾಡಿದ್ದ. ಒಂದು ಬೆಳಿಗ್ಗೆ ಫೋನ್ ಬಂತು, ಮೂತ್ರ ಟೀ ಡಿಕಾಕ್ಷನ್ ಥರ ಇದೆ ಅಂತ. ಲ್ಯಾಬಿನಲ್ಲಿ ನೋಡಿಸಿದರೆ 1.2 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕಸ) 4 ದಾಟಿತ್ತು.

ಆಸ್ಪತ್ರೆಗೆ ಹೊರಟ ಕಾರು ನರಸಾಪುರ ದಾಟುವಷ್ಟರಲ್ಲೇ ನೆಂಟರ ಫೋನು. "ಮಾತ್ರೆ ಬಿಟ್ಟಿದ್ನಾ?" ಒಬ್ಬರಂತೂ ಬೋರ್‌ವೆಲ್ ನೀರಿನ ಮೇಲೆ ಹಾಕಿದರು. ನಮ್ಮ ಕಡೆ ಏನಾದರೂ ನೀರೇ ಕಾರಣ! ಹಲ್ಲಿನ ಕಲೆಗೆ ಫ್ಲೋರೈಡ್ ಕಾರಣ ಅನ್ನೋದು ನಿಜ. ಇದಕ್ಕಲ್ಲ.

ತಮ್ಮನದು ಆಲ್‌ಪೋರ್ಟ್ ಸಿಂಡ್ರೋಮ್. ಕಿಡ್ನಿಯ ಸೋಸುವ ಪೊರೆಗೆ ಬೇಕಾದ ಟೈಪ್ 4 ಕೊಲ್ಯಾಜೆನ್ ಹುಟ್ಟಿನಿಂದಲೇ ಸರಿ ಇರುವುದಿಲ್ಲ. ಒಳಕಿವಿಗೂ ಅದೇ ಬೇಕು. ಹೈಸ್ಕೂಲಿನಲ್ಲೇ ಅವನ ಕಿವಿ ಮಂದವಾಗಿತ್ತು, ಆಗ ಮೂತ್ರ ಪರೀಕ್ಷೆ ಮಾಡಿಸಿ ಅಂತ ಯಾವ ಡಾಕ್ಟರೂ ಹೇಳಲಿಲ್ಲ. ಕಾಯಿಲೆಯ ಜೀನ್ ಬಂದದ್ದು ಅಮ್ಮನಿಂದ. ಅವಳ ಮೂತ್ರದಲ್ಲೂ ರಕ್ತದ ಕಣ ಇತ್ತು. ಅದಕ್ಕೇ ಅಪ್ಪ ಕೊಟ್ಟರು.

ಬಯಾಪ್ಸಿ ರಿಪೋರ್ಟ್ ಬಂದ ದಿನ ತಮ್ಮನ ಹಿಯರಿಂಗ್ ಏಡ್ ಬ್ಯಾಟರಿ ಮುಗಿದಿತ್ತು. ಡಾಕ್ಟರ್ ಹೇಳಿದ್ದನ್ನು ನಾನು ಅವನ ಕಿವಿಯ ಹತ್ತಿರ ಕೂಗಬೇಕಾಯ್ತು. "ಅಪ್ಪನ ಕಿಡ್ನಿಯಲ್ಲಿ ಆ ಕೊಲ್ಯಾಜೆನ್ ಸರಿಯಾಗಿದೆ ಕಣೋ. ನಿನ್ನ ಮೈ ಅದನ್ನ ಯಾವತ್ತೂ ನೋಡಿಲ್ಲ. ಪರಕೀಯ ಅಂದ್ಕೊಂಡು ಆಂಟಿಬಾಡಿ ಮಾಡಿದೆ." ಪೊರೆಯ ಉದ್ದಕ್ಕೂ ಗೆರೆ ಎಳೆದಂತೆ ಆಂಟಿಬಾಡಿ ಕೂತಿತ್ತಂತೆ. ವಾರ್ಡಿನವರೆಲ್ಲ ನಮ್ಮ ಕಡೆಯೇ ನೋಡುತ್ತಿದ್ದರು. ತಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ಚೆನ್ನಾಗಿದ್ದದ್ದೇ ತಪ್ಪಾಯ್ತಾ?" ಅಂದ. ಅಪ್ಪ ಎದ್ದು ಕಾರಿಡಾರಿಗೆ ಹೋದರು.

ಇದಕ್ಕೆ ಆಂಟಿ ಜಿಬಿಎಂ ಕಾಯಿಲೆ ಅಂತಾರೆ, ಜಿಬಿಎಂ ಅಂದರೆ ಕಿಡ್ನಿಯ ಆ ಸೋಸುವ ಪೊರೆ. ಕಸಿ ಮಾಡಿಸಿಕೊಂಡ ಆಲ್‌ಪೋರ್ಟ್ ರೋಗಿಗಳಲ್ಲಿ 100ಕ್ಕೆ 3ರಿಂದ 5 ಜನರಿಗೆ ಮಾತ್ರ ಬರುತ್ತದಂತೆ, ಅದೂ ಹೆಚ್ಚಾಗಿ ಮೊದಲ ವರ್ಷದಲ್ಲೇ. ಮಿಕ್ಕ ಹೆಚ್ಚಿನವರ ಕಿಡ್ನಿ ಚೆನ್ನಾಗೇ ನಡೆಯುತ್ತದೆ. ಅದಕ್ಕೇ ಯಾರೂ ಇದನ್ನು ಓದಿ ಕಸಿ ಬೇಡ ಅನ್ನಬೇಡಿ.

ಪ್ಲಾಸ್ಮಾ ಎಕ್ಸ್‌ಚೇಂಜ್ ಶುರುವಾಯ್ತು. ಆಂಟಿಬಾಡಿ ಇರುವ ಹಳದಿ ಪ್ಲಾಸ್ಮಾ ತೆಗೆದು ಆಲ್ಬುಮಿನ್ ಕೊಡುತ್ತಾರೆ. ಜೊತೆಗೆ ಹೊಸ ಆಂಟಿಬಾಡಿ ಆಗದಂತೆ ತಡೆಯಲು ಸ್ಟಿರಾಯ್ಡ್, ಸೈಕ್ಲೋಫಾಸ್ಫಮೈಡ್ ಔಷಧಿ. ಕಿಡ್ನಿ ಮಾತ್ರ ಉಳಿಯಲಿಲ್ಲ. ಇನ್ನೊಂದು ಹಾಕಿಸಿದರೂ ಕಾಯಿಲೆ ಮರಳುವ ಅಪಾಯ ಜಾಸ್ತಿ ಅಂದರು.

ಈಗ ಮತ್ತೆ ಡಯಾಲಿಸಿಸ್. ಮಂಡಿಯಲ್ಲಿ ಯಾರಾದರೂ ಮಾತ್ರೆ ಬಿಟ್ಟಿದ್ಯಾ ಅಂದರೆ ತಮ್ಮ ನನಗೆ ಫೋನ್ ಕೊಡುತ್ತಾನೆ, "ಅಕ್ಕ ಹೇಳ್ತಾಳೆ ಕೇಳಿ" ಅಂತ. ನನ್ನ ಮೂತ್ರದಲ್ಲೂ ರಕ್ತದ ಕಣ ಸಿಕ್ಕಿದೆ. ಮಗನದು ಸದ್ಯ ಕ್ಲಿಯರ್. ಇಬ್ಬರದೂ ಜೀನ್ ಟೆಸ್ಟಿಗೆ ಕೊಟ್ಟಿದ್ದೀವಿ.