ಎರಡನೇ ಸಲವೂ ಅದೇ ಹೆಬ್ಬೆರಳು

2022ರ ಏಪ್ರಿಲ್‌ನಲ್ಲಿ ಬಲಗಾಲಿನ ಶಸ್ತ್ರಚಿಕಿತ್ಸೆಗೆ ಸೇರುವ ಹಿಂದಿನ ರಾತ್ರಿ ಕಾಲುಂಗುರ ತೆಗೆಯಲು ಹೋದರೆ, ಪಕ್ಕದ ಬೆರಳು ಹೆಬ್ಬೆರಳಿನ ಮೇಲೇರಿ ಕುಳಿತಿದ್ದರಿಂದ ಅದು ಗೆಣ್ಣಿನಲ್ಲಿ ಸಿಕ್ಕಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಒದ್ದಾಡಿದ್ದೆ. ಕಳೆದ ದೀಪಾವಳಿಯ ಎಣ್ಣೆಸ್ನಾನದ ದಿನ ಅದೇ ಉಂಗುರ ಅದೇ ಗೆಣ್ಣಿನಲ್ಲಿ ಮತ್ತೆ ಸಿಕ್ಕಿಕೊಂಡಿತು. ಆಪರೇಷನ್ನಿನಿಂದ ನೇರವಾದ ಬೆರಳು ಹಳೆಯ ಜಾಗಕ್ಕೆ ಮರಳಿದೆ ಎಂದು ಎಕ್ಸ್‌ರೇಗಿಂತ ಮೊದಲು ತಿಳಿಸಿದ್ದು ಆ ಬೆಳ್ಳಿಯ ತುಂಡು.

ಈ ತೊಂದರೆಗೆ ವೈದ್ಯರು ಬಳಸುವ ಹೆಸರು ‘ಬನಿಯನ್’. ಸ್ಟಾಫ್ ರೂಮಿನಲ್ಲಿ ಬನಿಯನ್ ಆಪರೇಷನ್ ಎಂದು ಹೇಳಿ ಒಮ್ಮೆ ನಗೆಪಾಟಲಾದ ಮೇಲೆ ನಾನು ಹೆಬ್ಬೆರಳ ಗಂಟು ಎಂದೇ ಹೇಳುತ್ತೇನೆ. ಆದರೆ ಗಂಟು ಎಂಬ ಮಾತೇ ನನ್ನನ್ನು ಬಹುಕಾಲ ದಾರಿ ತಪ್ಪಿಸಿತ್ತು. ಅದು ಹೊಸದಾಗಿ ಬೆಳೆದ ಮೂಳೆಯೆಂದೂ, ಕೆತ್ತಿ ತೆಗೆದರೆ ಮುಗಿಯಿತೆಂದೂ ನಾನು ನಂಬಿದ್ದೆ. ಅಸಲಿಗೆ ಹೆಬ್ಬೆರಳಿನ ಹಿಂದೆ, ಪಾದದೊಳಗೆ ಇರುವ ಉದ್ದನೆಯ ಮೂಳೆ ಹೊರಕ್ಕೆ ವಾಲುತ್ತದೆ, ಬೆರಳು ಒಳಕ್ಕೆ ತಿರುಗುತ್ತದೆ, ಆ ಮೂಳೆಯ ತಲೆ ಪಾದದ ಅಂಚಿನಲ್ಲಿ ಉಬ್ಬಿ ಕಾಣುತ್ತದೆ. ಹೈಹೀಲ್ಸ್ ಹಾಕಿದವರಿಗೆ ಬರುವ ಕಾಯಿಲೆ ಎನ್ನುವವರಿಗೆ ನಾನು ಹೇಳುವುದಿಷ್ಟೇ: ನನ್ನ ಅಜ್ಜಿ ಚಿಕ್ಕಮಗಳೂರು ಬಳಿಯ ಆಲ್ದೂರಿನ ಕಡೆ ಕಾಫಿ ತೋಟದಲ್ಲಿ ಜೀವನವಿಡೀ ಬರಿಗಾಲಲ್ಲಿ ಓಡಾಡಿದವರು, ಅವರ ಎರಡೂ ಪಾದಗಳು ಹೀಗೆಯೇ ಇದ್ದವು, ಅಮ್ಮನ ಪಾದಗಳೂ ಹೀಗೆಯೇ ಇವೆ.

ಮೊದಲ ಶಸ್ತ್ರಚಿಕಿತ್ಸೆ ಹಾಸನದಲ್ಲಿ ಆಯಿತು. ಮೇಜಿನ ಮೇಲೆ ಮಲಗಿಸಿ ಎಕ್ಸ್‌ರೇ ತೆಗೆದರು. ಉಬ್ಬಿದ ಭಾಗವನ್ನು ಕೆತ್ತಿ, ಮೂಳೆಯ ತಲೆಯ ಬಳಿ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಕತ್ತರಿಸಿ, ತುದಿಯನ್ನು ಒಳಕ್ಕೆ ಸರಿಸಿ ಒಂದು ಸ್ಕ್ರೂ ಹಾಕಿದರು. ಶೆವ್ರಾನ್ ಎಂಬ ಈ ವಿಧಾನ ಹೆಚ್ಚು ವಾಲಿರದ ಪಾದಗಳಿಗೆ ಒಳ್ಳೆಯದೇ. ಮೊದಲ ವರ್ಷ ಬೆರಳು ನೇರವಾಗಿತ್ತು, ನಾನು ಸಿಕ್ಕವರಿಗೆಲ್ಲ ಪಾದ ತೋರಿಸಿ ಬೀಗಿದ್ದೆ. ಎರಡನೇ ಮಳೆಗಾಲದ ಹೊತ್ತಿಗೆ ಗಂಬೂಟಿನ ಒಳಗೆ ಹಳೆಯ ಉಜ್ಜಾಟ ಆರಂಭವಾಯಿತು. ಆಮೇಲೆ ಎರಡನೇ ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆಗೆ, ಹುಣಸೆ ಬೀಜದಷ್ಟು ದೊಡ್ಡ ಆಣಿ ಎದ್ದಿತು. ಮೊದಲ ಸಲ ಇರದಿದ್ದ ನೋವು ಇದು. ಹೆಬ್ಬೆರಳಿನ ಒಳಬದಿಯಲ್ಲಿ ಎರಡು ಬೆರಳಗಲದ ಜಾಗ ಜೋಮು ಹಿಡಿದದ್ದು ಇಂದಿಗೂ ಹಾಗೆಯೇ ಇದೆ, ಅಲ್ಲಿ ಇರುವೆ ಹರಿದರೂ ನನಗೆ ತಿಳಿಯುವುದಿಲ್ಲ.

ಬಿಂಡಿಗದ ದೇವೀರಮ್ಮನ ಬೆಟ್ಟವನ್ನು ನರಕ ಚತುರ್ದಶಿಯಂದು ಬರಿಗಾಲಲ್ಲಿ ಹತ್ತುವುದು ಮದುವೆಯಾದಾಗಿನಿಂದ ನನ್ನ ರೂಢಿ. ಕಳೆದ ವರ್ಷ ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕುಳಿತು, ಕೆಳಗಿಳಿದು ಬಂದೆ. ಮತ್ತೆ ವೈದ್ಯರ ಬಳಿ ಹೋಗುವುದೆಂದು ಆ ಕಲ್ಲಿನ ಮೇಲೆಯೇ ನಿಶ್ಚಯಿಸಿದೆ. ಶಸ್ತ್ರಚಿಕಿತ್ಸೆಯ ನಿರ್ಧಾರಕ್ಕೆ ಮಾತ್ರ ಇನ್ನೂ ಮೂರು ತಿಂಗಳು ಹಿಡಿಯಿತು.

ನವೆಂಬರಿನಲ್ಲಿ ಚಾರ್ಮಾಡಿ ಘಾಟಿ ಇಳಿದು, ಪಾದದ ಚಿಕಿತ್ಸೆಯನ್ನೇ ಹೆಚ್ಚಾಗಿ ಮಾಡುವ ಮಂಗಳೂರಿನ ಮೂಳೆ ತಜ್ಞರೊಬ್ಬರನ್ನು ಕಂಡೆವು. ಅವರು ನನ್ನನ್ನು ಕುಳ್ಳಿರಿಸಲೇ ಇಲ್ಲ. ನಡೆಸಿ ನೋಡಿದರು, ತುದಿಗಾಲಲ್ಲಿ ನಿಲ್ಲಿಸಿದರು, ಎಕ್ಸ್‌ರೇಯನ್ನೂ ನಿಲ್ಲಿಸಿಯೇ ತೆಗೆಸಿದರು. ಮೈಭಾರ ಬಿದ್ದಾಗ ಮಾತ್ರ ಮೂಳೆ ನಿಜವಾಗಿ ಎಷ್ಟು ವಾಲುತ್ತದೆಂದು ಕಾಣುತ್ತದಂತೆ. ಪಾದದ ಮೊದಲ ಎರಡು ಉದ್ದ ಮೂಳೆಗಳ ನಡುವಿನ ಕೋನ 9 ಡಿಗ್ರಿಯೊಳಗೂ ಹೆಬ್ಬೆರಳಿನ ಓರೆ 15 ಡಿಗ್ರಿಯೊಳಗೂ ಇದ್ದರೆ ಸಹಜವೆನ್ನುತ್ತಾರೆ. ನನ್ನವು 15 ಮತ್ತು 33. ಬಳಿಕ ಅವರು ಒಂದು ಕೈಯಲ್ಲಿ ಪಾದದ ನಡುಭಾಗವನ್ನು ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ಹೆಬ್ಬೆರಳಿನ ಹಿಂದಿನ ಮೂಳೆಯನ್ನು ಮೇಲೆ ಕೆಳಗೆ ಅಲುಗಿಸಿ ನನಗೇ ತೋರಿಸಿದರು. ಬುಡದ ಕೀಲು ಸಡಿಲವಾಗಿದೆ.

“ಟೀಚರ್, ಬೇಲಿಗೂಟ ಬುಡದಲ್ಲೇ ಅಲ್ಲಾಡುವಾಗ ತುದಿ ಕೆತ್ತಿ ನೇರ ಮಾಡಿದರೆ ಎಷ್ಟು ದಿನ ನಿಲ್ಲುತ್ತದೆ?” ಎಂದು ಕೇಳಿದರು. ಹೆಬ್ಬೆರಳು ತನ್ನ ಪಾಲಿನ ಭಾರ ಹೊರದೆ ಇದ್ದಾಗ ಆ ಭಾರ ಪಕ್ಕದ ಬೆರಳಿನ ಬುಡಕ್ಕೆ ಬೀಳುತ್ತದೆ, ಆಣಿಯ ಮೂಲವೂ ಅದೇ. ಮೂರು ವರ್ಷದಿಂದ ನಾನು ಬೈದುಕೊಳ್ಳುತ್ತಿದ್ದದ್ದು ಮೊದಲ ಶಸ್ತ್ರಚಿಕಿತ್ಸೆಯ ಬಳಿಕ ಶಾಲೆ ತೆರೆದ ಮೊದಲ ದಿನವೇ ಹೋಗಿ ಪಾಠಕ್ಕೆ ನಿಂತ ನನ್ನ ಹಟವನ್ನು. ಆ ಬೈಗುಳದಲ್ಲಿ ಅರ್ಧವನ್ನಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದೆನಿಸಿ ಹಗುರವಾಯಿತು.

ಅವರು ಸೂಚಿಸಿದ್ದು ಲ್ಯಾಪಿಡಸ್ ವಿಧಾನ, ಅಂದರೆ ಬುಡದ ಆ ಸಡಿಲ ಕೀಲನ್ನೇ ಪ್ಲೇಟು ಸ್ಕ್ರೂಗಳಿಂದ ಬೆಸೆದು ಮೂಳೆಯನ್ನು ನೇರವಾಗಿ ನಿಲ್ಲಿಸುವುದು. 1934ರಲ್ಲಿ ಪಾಲ್ ಲ್ಯಾಪಿಡಸ್ ಎಂಬ ವೈದ್ಯರು ಇದನ್ನು ವಿವರಿಸಿ ಬರೆದದ್ದರಿಂದ ಆ ಹೆಸರು. ಕೀಲು ಬೆಸೆದರೆ ನಡೆಯುವುದು ಹೇಗೆ ಎಂದು ಯಜಮಾನರು ಗಾಬರಿಯಾದರು. ಆ ಕೀಲಿನ ಚಲನೆ ಸಹಜವಾಗಿಯೇ ಅಲ್ಪ, ಬೆರಳು ಮಡಚುವ ಮುಂದಿನ ಕೀಲು ಹಾಗೆಯೇ ಉಳಿಯುತ್ತದೆ ಎಂದು ಡಾಕ್ಟರು ಸಮಾಧಾನ ಹೇಳಿದರು. ಮುಂದಿನ ಕೀಲು ಸವೆದಿದ್ದರೆ ಅದನ್ನೇ ಬೆಸೆಯಬೇಕಾಗಬಹುದಿತ್ತು, ನನ್ನದು ಸವೆದಿಲ್ಲ.

ಕಷ್ಟದ ಮಾತುಗಳನ್ನೂ ಅವರು ಮುಚ್ಚಿಡಲಿಲ್ಲ. ಆರು ವಾರ ಬಲಗಾಲು ನೆಲಕ್ಕೆ ತಾಗಿಸುವಂತಿಲ್ಲ. ಮೂಳೆಗಳು ಬೆಸೆದುಕೊಳ್ಳದೆ ಉಳಿಯುವ ಸಂಭವವಿದೆ. ಮೊದಲ ಸಲ ಕತ್ತರಿಸಿದ್ದರಿಂದ ಮೂಳೆ ಸ್ವಲ್ಪ ಗಿಡ್ಡವಾಗಿದ್ದು, ಅಗತ್ಯ ಬಿದ್ದರೆ ಹಿಮ್ಮಡಿಯಿಂದ ಚೂರು ಮೂಳೆ ತೆಗೆದು ತುಂಬಬೇಕಾದೀತು. ಊತ ಪೂರ್ತಿ ಇಳಿಯಲು ವರ್ಷವೇ ಹಿಡಿಯಬಹುದು, ಜೋಮು ಹೋಗುತ್ತದೆಂಬ ಭರವಸೆಯಿಲ್ಲ. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ, ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು (ಎಚ್‌ಬಿಎ1ಸಿ) ಶೇ. 7ಕ್ಕಿಂತ ಕೆಳಗಿಳಿಸದೆ ತಾವು ಕತ್ತಿ ಮುಟ್ಟುವುದಿಲ್ಲವೆಂದರು. ಆಗ ಅದು 7.6 ಇತ್ತು. ಕಾಫಿ ನಾಡಿನವಳಾದ ನಾನು ಸಕ್ಕರೆಯಿಲ್ಲದ ಕಾಫಿ ಕುಡಿದ ಆ ಚಳಿಗಾಲದ ಬಗ್ಗೆ ಬೇರೆಯೇ ಬರೆಯಬಹುದು. ಜನವರಿಯಲ್ಲಿ 6.8ಕ್ಕೆ ಬಂತು.

ಆ ನಡುವೆ ಚಾಕು ತಪ್ಪಿಸುವ ದಾರಿಗಳನ್ನೂ ನೋಡಿದೆ. ಎಂ.ಜಿ. ರಸ್ತೆಯಲ್ಲಿ ಗಂಡಸರ ಅಗಲ ಮೂತಿಯ ಶೂ ಕೊಂಡೆ, ಬೆರಳುಗಳ ನಡುವೆ ಸಿಲಿಕೋನ್ ತುಂಡು ಇಟ್ಟೆ, ಆಣಿಯ ಹಿಂದೆ ಮೆತ್ತೆ ಹಾಕಿದೆ. ಶೂ ನಿಜವಾಗಿಯೂ ಹಿತವೆನಿಸಿತು. ರಾತ್ರಿ ಕಟ್ಟಿಕೊಂಡರೆ ಬೆರಳು ನೇರವಾಗುತ್ತದೆಂದು ಆನ್‌ಲೈನಿನಲ್ಲಿ ಮಾರುವ ಪಟ್ಟಿಯಿಂದ ಮಾತ್ರ ಏನೂ ಆಗಲಿಲ್ಲ, ವಾಲಿದ ಮೂಳೆಯನ್ನು ಬಟ್ಟೆಪಟ್ಟಿ ಎಳೆದು ತರುವುದಿಲ್ಲ. ಇಷ್ಟರಲ್ಲೇ ಸುಧಾರಿಸಿಕೊಳ್ಳಬಹುದಾಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಮೂರನೇ ಪೀರಿಯಡ್ಡಿಗೆ ನಾನು ಮೇಜಿಗೆ ಒರಗಿ ಎಡಗಾಲಲ್ಲಿ ನಿಂತಿರುತ್ತೇನೆ, ಇತ್ತೀಚೆಗೆ ಎಡ ಮಂಡಿಯೂ ನೋಯತೊಡಗಿದೆ.

ಆದ್ದರಿಂದ ಪರೀಕ್ಷೆಗಳು ಮುಗಿದ ಕೂಡಲೇ, ಏಪ್ರಿಲ್ ರಜೆಯಲ್ಲಿ, ಬಲಗಾಲಿಗೆ ಮಾಡಿಸಿಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ರಜೆ ಸಾಲದಿದ್ದರೆ ಈ ಸಲ ಜೂನಿನಲ್ಲೂ ರಜೆ ಹಾಕುತ್ತೇನೆ, ಗಂಬೂಟಿನ ತಂಟೆಗೆ ಹೋಗುವುದಿಲ್ಲ. ಎಡಗಾಲಿನಲ್ಲೂ ಗಂಟಿದೆ, ಆದರೆ ನೋವಿಲ್ಲ. ಅದನ್ನು ಮುಟ್ಟಿಸುವುದಿಲ್ಲ. ಅಂದಕ್ಕಾಗಿ ಮೂಳೆ ಕತ್ತರಿಸಿಕೊಳ್ಳುವ ಉತ್ಸಾಹ ಮೊದಲ ಸಲಕ್ಕೇ ಮುಗಿಯಿತು.

ಒಂಟಿಕಾಲಲ್ಲಿ ಕುಕ್ಕರುಗಾಲು ಕೂರಲು ಆಗದ ಕಾರಣ, ಕಳೆದ ವಾರ ಗಾರೆಯವರನ್ನು ಕರೆಸಿ ಕೆಳಗಿನ ಬಚ್ಚಲುಮನೆಯ ಪಕ್ಕ ಕಮೋಡ್ ಹಾಕಿಸಿದೆವು, ಗೋಡೆಗೆ ಹಿಡಿಕೆಯನ್ನೂ ಕೂರಿಸಿದೆವು. ಮಂಡಿನೋವಿನ ನಮ್ಮ ಅತ್ತೆಯವರು ಆರು ವರ್ಷದಿಂದ ಕೇಳುತ್ತಿದ್ದದ್ದು ಅದನ್ನೇ. ಸಿಮೆಂಟು ಒಣಗುವ ಮೊದಲೇ ಎರಡು ಸಲ ಬಂದು ನೋಡಿಹೋದ ಅವರು, “ನಿನ್ನ ಬೆರಳು ಮತ್ತೆ ಸೊಟ್ಟಗಾಗದೆ ಇದ್ದಿದ್ದರೆ ನನಗೆ ಇದು ಈ ಜನ್ಮದಲ್ಲಿ ಸಿಗುತ್ತಿರಲಿಲ್ಲ ಬಿಡು” ಎಂದರು.